ಏರದ ಫಲಕ, ಉರುಳಿದ ಪ್ರತಿಮೆ: ಬ್ರಿಸ್ಟಲ್‌ನ ಕೋಲ್‌ಸ್ಟನ್ ಪ್ರಕರಣ

2018ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರಾಡಳಿತದ ಮುಂದೆ ಒಂದು ಚಿಕ್ಕ ಪ್ರಸ್ತಾವವಿತ್ತು. ನಗರದ ನಡುಭಾಗದಲ್ಲಿ 1895ರಿಂದ ನಿಂತಿದ್ದ ಎಡ್ವರ್ಡ್ ಕೋಲ್‌ಸ್ಟನ್ ಎಂಬ ವರ್ತಕನ ಕಂಚಿನ ಪ್ರತಿಮೆಯ ಪೀಠಕ್ಕೆ ಇನ್ನೊಂದು ಫಲಕವನ್ನು ಜೋಡಿಸುವುದು, ಪೀಠದ ಮೇಲೆ ಅದುವರೆಗೆ ಇಲ್ಲದಿದ್ದ ಸಂಗತಿಯನ್ನು, ಅಂದರೆ ಆತ ಗುಲಾಮ ವ್ಯಾಪಾರದಲ್ಲಿ ತೊಡಗಿದ್ದನೆಂಬುದನ್ನು ಅದರಲ್ಲಿ ಬರೆಯುವುದು, ಇಷ್ಟೇ ಅದರ ಉದ್ದೇಶ. ಪ್ರತಿಮೆಯನ್ನು ತೆಗೆಯಬೇಕೆಂದು ಆ ಪ್ರಸ್ತಾವ ಹೇಳಿರಲಿಲ್ಲ. ನಾಲ್ಕಾರು ವಾಕ್ಯಗಳ ಆ ಬರಹ ಕೊನೆಗೂ ಪೀಠಕ್ಕೆ ಏರಲಿಲ್ಲ. ಎರಡು ವರ್ಷಗಳೊಳಗೆ, 2020ರ ಜೂನ್ 7ರಂದು, ಜನ ಹಗ್ಗ ಕಟ್ಟಿ ಎಳೆದು ಪ್ರತಿಮೆಯನ್ನೇ ಕೆಡವಿದರು.

ಜಗತ್ತಿನ ಸುದ್ದಿಮಾಧ್ಯಮಗಳು ಎರಡನೆಯ ಘಟನೆಯನ್ನು ತೋರಿಸಿದವು. ಅದು ಸಹಜವೇ, ಕಂಚಿನ ಮನುಷ್ಯನೊಬ್ಬ ನೆಲಕ್ಕುರುಳಿ ನೀರಿಗೆ ಬೀಳುವ ದೃಶ್ಯದ ಎದುರು ಸಮಿತಿಯ ಕಡತವೊಂದು ಯಾರ ಕಣ್ಣಿಗೆ ಬೀಳುತ್ತದೆ? ಆದರೆ ಗುಲಾಮಗಿರಿ ಮತ್ತು ದಬ್ಬಾಳಿಕೆಯ ನಂಟಿರುವ ಸಾರ್ವಜನಿಕ ಪ್ರತಿಮೆಗಳ ವಿವಾದವನ್ನು ಅರಿಯಬೇಕಾದರೆ ಆ ಕಡತವನ್ನೇ ಮೊದಲು ಓದಬೇಕು ಎಂಬುದು ನನ್ನ ಅಭಿಪ್ರಾಯ. ತೆಗೆಯುವುದೋ ಉಳಿಸುವುದೋ ಎಂಬ ಪ್ರಶ್ನೆ ಬ್ರಿಸ್ಟಲ್‌ನಲ್ಲಿ ಬೀದಿಗೆ ಬಂದದ್ದು, ಪ್ರತಿಮೆಯ ಬುಡದಲ್ಲಿ ನಿಜವನ್ನು ಯಾವ ಮಾತಿನಲ್ಲಿ ಬರೆಯಬೇಕೆಂಬ ಇನ್ನೂ ಸಣ್ಣ ಪ್ರಶ್ನೆಯನ್ನು ನಗರ ಬಗೆಹರಿಸಲಾರದೆ ಹೋದ ಮೇಲೆ.

ಮನುಷ್ಯ ಮತ್ತು ಕಂಪನಿ

ಎಡ್ವರ್ಡ್ ಕೋಲ್‌ಸ್ಟನ್ 1636ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ. ವ್ಯಾಪಾರದ ಬದುಕಿನ ಹೆಚ್ಚಿನ ಭಾಗವನ್ನು ಲಂಡನ್‌ನಲ್ಲಿ ಕಳೆದ. 1721ರ ಅಕ್ಟೋಬರ್ 11ರಂದು ತೀರಿಕೊಂಡ. ಬಟ್ಟೆ, ದ್ರಾಕ್ಷಾರಸ, ಸಕ್ಕರೆ ಮೊದಲಾದ ಸರಕುಗಳ ವ್ಯಾಪಾರ ಅವನದು. 1680ರಲ್ಲಿ ಆತ ರಾಯಲ್ ಆಫ್ರಿಕನ್ ಕಂಪನಿಯನ್ನು ಸೇರಿದ. ಪಶ್ಚಿಮ ಆಫ್ರಿಕಾದ ಕರಾವಳಿಯೊಂದಿಗೆ ವ್ಯಾಪಾರ ನಡೆಸಲು ಇಂಗ್ಲೆಂಡಿನಲ್ಲಿ ಈ ಕಂಪನಿಯೊಂದಕ್ಕೇ ರಾಜಸನದಿನ ಮೂಲಕ ಏಕಸ್ವಾಮ್ಯವಿತ್ತು, ಮತ್ತು ಅದರ ತಲೆಯಾಳಾಗಿದ್ದವನು ಮುಂದೆ ಎರಡನೆಯ ಜೇಮ್ಸ್ ಎಂಬ ಹೆಸರಿನಲ್ಲಿ ದೊರೆಯಾದ ಡ್ಯೂಕ್ ಆಫ್ ಯಾರ್ಕ್. ಚಿನ್ನ, ಆನೆದಂತಗಳ ಜೊತೆಗೆ ಕಂಪನಿ ಸಾಗಿಸಿದ್ದು ಮನುಷ್ಯರನ್ನು. ಸೆರೆಯಾದವರ ಮೈಮೇಲೆ ಕಾದ ಕಬ್ಬಿಣದಿಂದ ಕಂಪನಿಯ ಗುರುತಿನ ಅಕ್ಷರಗಳನ್ನು ಒತ್ತಲಾಗುತ್ತಿತ್ತು.

ಕೋಲ್‌ಸ್ಟನ್ ಈ ಕಂಪನಿಯಲ್ಲಿ ಷೇರು ಕೊಂಡು ಮನೆಯಲ್ಲಿ ಕುಳಿತ ಹೂಡಿಕೆದಾರನಲ್ಲ. ಆಡಳಿತ ಮಂಡಳಿಯಲ್ಲಿದ್ದ, ಅದರ ಸಮಿತಿಗಳಲ್ಲಿದ್ದ, 1689-90ರಲ್ಲಿ ಡೆಪ್ಯುಟಿ ಗವರ್ನರ್ ಆಗಿದ್ದ. ಆತ ಕಂಪನಿಯಲ್ಲಿದ್ದ 1680ರಿಂದ 1692ರವರೆಗಿನ ಅವಧಿಯಲ್ಲಿ ಅದರ ಹಡಗುಗಳು ಸುಮಾರು 84,000 ಆಫ್ರಿಕನ್ ಗಂಡಸರು, ಹೆಂಗಸರು ಮತ್ತು ಮಕ್ಕಳನ್ನು ಅಟ್ಲಾಂಟಿಕ್ ದಾಟಿಸಲು ಹತ್ತಿಸಿಕೊಂಡವು. ಅವರಲ್ಲಿ ಸುಮಾರು 19,000 ಜನ ಆಚೆಯ ದಡ ಕಾಣಲಿಲ್ಲ. ನಾಲ್ಕೂವರೆ ಜನರಿಗೆ ಒಬ್ಬರಂತೆ ಸಾವು. ಈ ಅಂಕಿಗಳು ವಿರೋಧಿಗಳು ಕಟ್ಟಿದ ಆಪಾದನೆಗಳಲ್ಲ; ವ್ಯಾಪಾರದ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟ ಕಂಪನಿಯೊಂದರ ದಾಖಲೆಗಳನ್ನು ಆಧರಿಸಿದವು.

ಇನ್ನೊಂದು ಬದಿಯೂ ಅಷ್ಟೇ ನಿಜ. ಕೋಲ್‌ಸ್ಟನ್ ಬ್ರಿಸ್ಟಲ್‌ನಲ್ಲಿ ವೃದ್ಧರಿಗೆ ಆಶ್ರಯಮನೆಗಳನ್ನು ಕಟ್ಟಿಸಿದ, 1710ರಲ್ಲಿ ಬಡ ಹುಡುಗರಿಗಾಗಿ ಶಾಲೆಯನ್ನು ಸ್ಥಾಪಿಸಿದ, ಚರ್ಚುಗಳಿಗೆ ಧಾರಾಳವಾಗಿ ಕೊಟ್ಟ. ಅದೇ ವರ್ಷದಿಂದ 1713ರವರೆಗೆ ಬ್ರಿಸ್ಟಲ್‌ನ ಸಂಸತ್ ಸದಸ್ಯನೂ ಆಗಿದ್ದ. ಮದುವೆಯಾಗಲಿಲ್ಲ, ಹಣದ ದೊಡ್ಡ ಪಾಲು ಧರ್ಮಕಾರ್ಯಕ್ಕೇ ಹೋಯಿತು. ಈ ದಾನಕ್ಕೊಂದು ಬೇಲಿಯೂ ಇತ್ತು: ಆಂಗ್ಲಿಕನ್ ಪಂಥಕ್ಕೆ ಸೇರದವರನ್ನು ಆತ ಸಹಿಸುತ್ತಿರಲಿಲ್ಲ, ತನ್ನ ಶಾಲೆಯ ಹುಡುಗರು ಬೇರೆ ಪಂಥದವರ ಬಳಿ ಕಸುಬು ಕಲಿಯಲು ಸೇರುವುದನ್ನೂ ಒಪ್ಪುತ್ತಿರಲಿಲ್ಲ. ಆದರೂ ಆತನ ಹಣದಿಂದ ಓದಿದವರು, ನೆರಳು ಕಂಡವರು ತಲೆಮಾರುಗಳುದ್ದಕ್ಕೂ ಇದ್ದರು ಎಂಬುದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆ ಹಣ ಎಲ್ಲಿಂದ ಬಂತು ಎಂದು ಕೇಳುವ ಅಗತ್ಯ ಮಾತ್ರ ಆ ತಲೆಮಾರುಗಳಿಗೆ ಕಂಡುಬರಲಿಲ್ಲ.

1895ರ ಕಂಚು

ಪ್ರತಿಮೆ ಕೋಲ್‌ಸ್ಟನ್‌ನ ಕಾಲದ್ದಲ್ಲ. ಆತ ಸತ್ತು 174 ವರ್ಷಗಳಾದ ಮೇಲೆ, 1895ರ ನವೆಂಬರ್ 13ರಂದು ಅದರ ಅನಾವರಣವಾಯಿತು. ಆ ಹೊತ್ತಿಗೆ ಬ್ರಿಟನ್ ಗುಲಾಮ ವ್ಯಾಪಾರವನ್ನು ನಿಷೇಧಿಸಿ 88 ವರ್ಷಗಳೂ, ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ ಮಾಡಿ 62 ವರ್ಷಗಳೂ ಕಳೆದಿದ್ದವು. ಹಾಗಾಗಿ ಆ ಕಾಲದ ಜನರಿಗೆ ಗುಲಾಮಗಿರಿ ತಪ್ಪೆಂದು ತಿಳಿದಿರಲಿಲ್ಲ ಎಂಬ ಸಮಜಾಯಿಷಿ ಕೋಲ್‌ಸ್ಟನ್‌ನಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೋ ಬೇರೆ ಮಾತು. ಪ್ರತಿಮೆ ನಿಲ್ಲಿಸಿದವರಿಗಂತೂ ಖಂಡಿತ ಸಲ್ಲುವುದಿಲ್ಲ.

ಈ ಯೋಜನೆಯ ಹಿಂದಿದ್ದವನು ಜೇಮ್ಸ್ ಆರೋಸ್ಮಿತ್ ಎಂಬ ಪ್ರಕಾಶಕ. ಕೋಲ್‌ಸ್ಟನ್‌ನ ಹೆಸರಿನಲ್ಲಿ ದತ್ತಿ ಸಂಗ್ರಹಿಸುವ ಸಂಘಗಳಲ್ಲೊಂದರ ಅಧ್ಯಕ್ಷನಾಗಿದ್ದ ಆತ, ಹಿಂದಿನ ವರ್ಷವಷ್ಟೇ ನಗರದಲ್ಲಿ, ಒಂದು ಕಾಲಕ್ಕೆ ಬ್ರಿಸ್ಟಲ್‌ನ ಸಂಸತ್ ಸದಸ್ಯನಾಗಿದ್ದ ಎಡ್ಮಂಡ್ ಬರ್ಕ್‌ನ ಪ್ರತಿಮೆ ಎದ್ದದ್ದನ್ನು ಕಂಡಿದ್ದ. ಅದು ಕಾರ್ಮಿಕ ಮುಷ್ಕರಗಳಿಂದ ಬ್ರಿಸ್ಟಲ್ ಬಿಸಿಯೇರಿದ್ದ ದಶಕ. ಬಡವರಿಗೆ ಕೈ ಎತ್ತಿ ಕೊಟ್ಟ ಧನಿಕನೊಬ್ಬನನ್ನು ಊರಿನ ಎಲ್ಲ ವರ್ಗಗಳೂ ಒಟ್ಟಾಗಿ ಗೌರವಿಸುವ ಚಿತ್ರ ಊರಿನ ಉಳ್ಳವರಿಗೆ ಬೇಕಾಗಿತ್ತು ಎಂಬ ಇತಿಹಾಸಕಾರರ ವಿವರಣೆ ನನಗೆ ಸರಿಯೆನಿಸುತ್ತದೆ. ಜಾನ್ ಕ್ಯಾಸಿಡಿ ಎಂಬ ಶಿಲ್ಪಿ ರೂಪಿಸಿದ ಪ್ರತಿಮೆಯಲ್ಲಿ ಕೋಲ್‌ಸ್ಟನ್ ಊರುಗೋಲಿಗೆ ಒರಗಿ, ಗಲ್ಲಕ್ಕೆ ಕೈಯಿಟ್ಟು, ನೀಳ ಕೃತಕಗೂದಲಿನ ತಲೆಯನ್ನು ತುಸು ಬಾಗಿಸಿ ಯೋಚನೆಯಲ್ಲಿ ಮುಳುಗಿದ್ದಾನೆ. ಪೀಠದ ಮೂಲೆಗಳಲ್ಲಿ ಕಂಚಿನ ಡಾಲ್ಫಿನ್‌ಗಳಿವೆ. ಆತನ ಹಡಗಿನ ತಳದಲ್ಲಿ ಬಿದ್ದ ತೂತನ್ನು ಡಾಲ್ಫಿನ್ ಒಂದು ತನ್ನ ಮೈಯಿಂದಲೇ ಮುಚ್ಚಿ ಕಾಪಾಡಿತೆಂಬ ದಂತಕಥೆಯ ನೆನಪು ಅದು. ಉಬ್ಬುಚಿತ್ರದ ಫಲಕಗಳಲ್ಲಿ ದಾನ ಕೊಡುವ ಕೋಲ್‌ಸ್ಟನ್ ಇದ್ದಾನೆ, ಬಂದರು ಇದೆ, ಸಮುದ್ರದ ಕಾಲ್ಪನಿಕ ಜೀವಿಗಳಿವೆ. ಹಡಗಿನ ಒಡಲಲ್ಲಿದ್ದವರು ಎಲ್ಲಿಯೂ ಇಲ್ಲ.

ನಗರದ ಅತ್ಯಂತ ಸದ್ಗುಣಿಯೂ ವಿವೇಕಿಯೂ ಆದ ಪುತ್ರರಲ್ಲೊಬ್ಬನ ಸ್ಮರಣೆಗಾಗಿ ಬ್ರಿಸ್ಟಲ್‌ನ ನಾಗರಿಕರು ಇದನ್ನು ಸ್ಥಾಪಿಸಿದರು ಎಂದು ಪೀಠದ ಬರಹ ಸಾರುತ್ತಿತ್ತು. ನಾಗರಿಕರು ಅಷ್ಟೇನೂ ಉತ್ಸಾಹ ತೋರಿರಲಿಲ್ಲ ಎಂಬುದು ಇಲ್ಲಿಯ ತಮಾಷೆ: ಮತ್ತೆ ಮತ್ತೆ ಮನವಿ ಮಾಡಿದರೂ ಚಂದಾ ಸಾಲದೆ, ಅನಾವರಣದ ದಿನಕ್ಕೂ ಹಣ ಪೂರ್ತಿ ಕೂಡಿರಲಿಲ್ಲ. ಪ್ರತಿಮೆ ತೆಗೆದರೆ ಇತಿಹಾಸ ಅಳಿಸಿದಂತಾಗುತ್ತದೆ ಎನ್ನುವವರು ಈ ಪೀಠದ ಎದುರು ನಿಂತು ಯಾವ ಇತಿಹಾಸ ಎಂದು ಕೇಳಿಕೊಳ್ಳಬೇಕಾಗುತ್ತದೆ. ಹದಿನೇಳನೆಯ ಶತಮಾನದ ಬಗ್ಗೆ ಅದು ಹೇಳುತ್ತಿದ್ದುದು ತೀರಾ ಅಲ್ಪ, ಅದೂ ಅರ್ಧಸತ್ಯ. ವಿಕ್ಟೋರಿಯಾ ಕಾಲದ ನಗರಪ್ರಮುಖರು ಯಾರನ್ನು ಎತ್ತರದಲ್ಲಿಡಲು ಬಯಸಿದರು ಎಂಬುದರ ಬಗ್ಗೆ ಮಾತ್ರ ಒಳ್ಳೆಯ ಪುರಾವೆ.

ಎರಡು ಕರಡುಗಳು

ತಕರಾರು ನಿನ್ನೆ ಮೊನ್ನೆಯದಲ್ಲ. ಎಚ್. ಜೆ. ವಿಲ್ಕಿನ್ಸ್ ಎಂಬ ಪಾದ್ರಿ 1920ರಲ್ಲೇ ಕೋಲ್‌ಸ್ಟನ್‌ನ ಗುಲಾಮ ವ್ಯಾಪಾರದ ನಂಟನ್ನು ದಾಖಲೆಗಳ ಆಧಾರದಿಂದ ಬರೆದಿದ್ದರು. ನಗರ ಅದನ್ನು ಕೇಳಿಸಿಕೊಳ್ಳಲಿಲ್ಲ. 1963ರಲ್ಲಿ, ಕಪ್ಪು ಜನರನ್ನು ಬಸ್ ಸಿಬ್ಬಂದಿಯಾಗಿ ತೆಗೆದುಕೊಳ್ಳಲು ಒಪ್ಪದ ಸ್ಥಳೀಯ ಬಸ್ ಕಂಪನಿಯ ವಿರುದ್ಧ ಬ್ರಿಸ್ಟಲ್‌ನ ಕೆರಿಬಿಯನ್ ಮೂಲದವರು ಬಹಿಷ್ಕಾರ ಹೂಡಿ ಗೆದ್ದರು. ಬಹಿಷ್ಕಾರ ನಡೆದ ಊರಿನಲ್ಲಿ ಕೋಲ್‌ಸ್ಟನ್‌ನ ಹೆಸರು ಬೀದಿ, ಶಾಲೆ, ಸಭಾಂಗಣಗಳ ಮೇಲೆ ಹಾಗೆಯೇ ಇತ್ತು. 1977ರಲ್ಲಿ ಪ್ರತಿಮೆ ಸಂರಕ್ಷಿತ ಸ್ಮಾರಕಗಳ ಪಟ್ಟಿ ಸೇರಿತು. 1998ರಲ್ಲಿ ಯಾರೋ ಅದರ ಬುಡದಲ್ಲಿ ಗುಲಾಮ ವ್ಯಾಪಾರಿ ಎಂದು ಬಣ್ಣದಿಂದ ಗೀಚಿದರು. ಅಲ್ಲಿಂದ ಮುಂದೆ ಪತ್ರಗಳು, ಅರ್ಜಿಗಳು, ಚರ್ಚೆಗಳು ನಿಲ್ಲಲಿಲ್ಲ. 2018ರಲ್ಲಿ ಪ್ರತಿಮೆಯ ಕಾಲಿಗೆ ಯಾರೋ ಕೆಂಪು ಉಣ್ಣೆಯಲ್ಲಿ ಹೆಣೆದ ಸಂಕೋಲೆಯನ್ನೂ ಗುಂಡನ್ನೂ ತೊಡಿಸಿ ಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಗುಲಾಮಗಿರಿ ವಿರೋಧಿ ದಿನದಂದು, ಪೀಠದ ಮುಂದೆ ಹಡಗಿನ ಒಡಲಿನಂತೆ ಸಾಲುಸಾಲಾಗಿ ಮಲಗಿಸಿದ ಮನುಷ್ಯಾಕೃತಿಗಳು ಕಾಣಿಸಿಕೊಂಡವು.

ನಗರಾಡಳಿತ ಫಲಕದ ಪ್ರಸ್ತಾವಕ್ಕೆ ಬಂದದ್ದು ಇಂಥ ವಾತಾವರಣದಲ್ಲಿ. ಸ್ಥಳೀಯ ಇತಿಹಾಸಕಾರರು ಸಿದ್ಧಪಡಿಸಿದ ಮೊದಲ ಕರಡು ನೇರವಾಗಿ ವಿಷಯಕ್ಕೆ ಬರುತ್ತಿತ್ತು. ರಾಯಲ್ ಆಫ್ರಿಕನ್ ಕಂಪನಿಯ ಉನ್ನತ ಅಧಿಕಾರಿಯಾಗಿ ಕೋಲ್‌ಸ್ಟನ್ 12,000 ಮಕ್ಕಳೂ ಸೇರಿದಂತೆ 84,000ಕ್ಕೂ ಹೆಚ್ಚು ಆಫ್ರಿಕನ್ನರನ್ನು ಗುಲಾಮರನ್ನಾಗಿಸುವುದರಲ್ಲಿ ಸಕ್ರಿಯ ಪಾತ್ರ ವಹಿಸಿದ, ಅವರಲ್ಲಿ 19,000ಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು ಎಂದು ಆರಂಭವಾಗಿ, ಆತ ಸಂಸತ್ ಸದಸ್ಯನಾಗಿ ಗುಲಾಮ ವ್ಯಾಪಾರದ ಪರ ನಿಂತದ್ದನ್ನೂ, ಆತನ ಮತ ಮತ್ತು ರಾಜಕೀಯವನ್ನು ಒಪ್ಪದವರಿಗೆ ದಾನ ದೊರೆಯದಿದ್ದುದನ್ನೂ ಹೇಳುತ್ತಿತ್ತು. ಇದಕ್ಕೆ ಕನ್ಸರ್ವೇಟಿವ್ ಪಕ್ಷದ ನಗರಸಭಾ ಸದಸ್ಯರೊಬ್ಬರಿಂದ ತೀವ್ರ ಆಕ್ಷೇಪ ಬಂತು. ಬರಹವನ್ನು ತಿದ್ದಲಾಯಿತು. ಆಮೇಲೆ ನಗರದ ಹಳೆಯ ವರ್ತಕರ ಸಂಘವಾದ ಸೊಸೈಟಿ ಆಫ್ ಮರ್ಚೆಂಟ್ ವೆಂಚರರ್ಸ್‌ನ ಕಡೆಯಿಂದಲೂ ತಿದ್ದುಪಡಿಗಳು ಸೇರಿದವು. ಕೋಲ್‌ಸ್ಟನ್ ಸ್ವತಃ ಸದಸ್ಯನಾಗಿದ್ದ ಸಂಘ ಅದು.

ಈ ಎರಡು ಕರಡುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಪ್ರತಿಮೆಗಳ ಕುರಿತ ವಿವಾದವೆಲ್ಲ ಅಲ್ಲೇ ಸಿಕ್ಕುತ್ತದೆ. ತಿದ್ದಿದ ಬರಹ ಕೋಲ್‌ಸ್ಟನ್ ನಗರದ ಮಹಾನ್ ದಾನಿಗಳಲ್ಲೊಬ್ಬ ಎಂಬಲ್ಲಿಂದ ಶುರುವಾಗುತ್ತದೆ. ಶಾಲೆ, ಆಶ್ರಯಮನೆ, ಆಸ್ಪತ್ರೆ, ಚರ್ಚುಗಳ ಪಟ್ಟಿ ಮುಗಿದ ಮೇಲೆ ಗುಲಾಮಗಿರಿಯ ಮಾತು ಬರುತ್ತದೆ. ‘ಗುಲಾಮರನ್ನಾಗಿಸುವುದರಲ್ಲಿ ಸಕ್ರಿಯ ಪಾತ್ರ’ ಎಂದಿದ್ದದ್ದು ಈಗ ‘ಸಾಗಣೆಯಲ್ಲಿ ಭಾಗಿ’ ಎಂದಾಗಿದೆ. ‘12,000 ಮಕ್ಕಳು’ ಎಂಬಲ್ಲಿ ಅಂಕಿ ಹೋಗಿ ‘ಎಳೆಯ ಮಕ್ಕಳು’ ಉಳಿದಿದ್ದಾರೆ. ಸುಳ್ಳು ಎಂದು ಬೆರಳಿಡಬಹುದಾದ ಒಂದು ಪದವೂ ಇದರಲ್ಲಿಲ್ಲ. 84,000 ಇದೆ, 19,000 ಸಾವೂ ಇದೆ. ಆದರೆ ಸಾಗಣೆ ಎಂಬುದು ಸರಕಿಗೆ ಹೇಳುವ ಮಾತು, ಕಂಪನಿಯ ಲೆಕ್ಕಪುಸ್ತಕದ ಮಾತು. ಮುನ್ನೂರು ವರ್ಷಗಳ ಹಿಂದೆ ಗುಮಾಸ್ತ ಬಳಸಿದ ಭಾಷೆಯೇ ಗುಮಾಸ್ತನ ಧಣಿಯ ಪೀಠಕ್ಕೆ ವಿವರಣೆಯಾಗಿ ಮರಳಿ ಬರುವುದರಲ್ಲಿತ್ತು.

2019ರ ಮಾರ್ಚಿನಲ್ಲಿ ಮೇಯರ್ ಮಾರ್ವಿನ್ ರೀಸ್ ಈ ಬರಹ ಒಪ್ಪತಕ್ಕದ್ದಲ್ಲವೆಂದು ತಡೆದರು. ಜಮೈಕಾ ಮೂಲದ ತಂದೆಯ ಮಗನಾದ ರೀಸ್ ಅವರ ಅಸಮಾಧಾನಕ್ಕೆ ಕಾರಣವಿತ್ತು, ಮತ್ತು ಆ ನೀರುನೀರಾದ ಬರಹವನ್ನು ನಿರಾಕರಿಸಿದ್ದು ಸರಿಯೇ ಎಂದು ನಾನೂ ಹೇಳುತ್ತೇನೆ. ಅಷ್ಟಕ್ಕೇ ನಿಂತದ್ದು ತಪ್ಪು. ಮೊದಲ ಕರಡಿಗೆ ಮರಳಬಹುದಿತ್ತು, ಹೊಸದನ್ನು ಬರೆಸಬಹುದಿತ್ತು, ಎರಡೂ ಬರಹಗಳನ್ನು ಊರಿನ ಮುಂದಿಟ್ಟು ಕೇಳಬಹುದಿತ್ತು. 2019ರ ವಸಂತದಿಂದ 2020ರ ಜೂನ್‌ವರೆಗೆ ಪೀಠದ ಮೇಲೆ ‘ಸದ್ಗುಣಿ, ವಿವೇಕಿ’ ಎಂಬ ಹಳೆಯ ಮಾತಿಗೆ ಎದುರಾಗಿ ಆಡಳಿತದ ಒಂದಕ್ಷರವೂ ಇರಲಿಲ್ಲ.

ಜೂನ್ 7

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಪೊಲೀಸ್ ಅಧಿಕಾರಿಯೊಬ್ಬ ಮಂಡಿಯೂರಿ ಕೊಂದ ಘಟನೆ ಅನೇಕ ದೇಶಗಳಲ್ಲಿ ಪ್ರತಿಭಟನೆ ಹುಟ್ಟಿಸಿತು. ಜೂನ್ 7ರ ಭಾನುವಾರ ಬ್ರಿಸ್ಟಲ್‌ನಲ್ಲಿ ಸೇರಿದವರು ಸುಮಾರು 10,000 ಜನ. ಮಧ್ಯಾಹ್ನ ಮೆರವಣಿಗೆ ಪ್ರತಿಮೆಯ ಬಳಿ ಬಂದಾಗ ಕೆಲವರು ಹಗ್ಗ ಹಾಕಿ ಎಳೆದರು. ಪ್ರತಿಮೆ ಮುಗ್ಗರಿಸಿ ಬಿತ್ತು. ಬಿದ್ದ ಕಂಚಿನ ಕುತ್ತಿಗೆಯ ಮೇಲೆ ಒಬ್ಬಾತ ಮಂಡಿಯೂರಿ ಕುಳಿತ. ಊರುಗೋಲು ಕಳಚಿತು, ಕೋಟಿನ ಹಿಂಚುಂಗೊಂದು ಹೋಯಿತು. ಕೆಂಪು, ನೀಲಿ ಬಣ್ಣ ಮೆತ್ತಿಕೊಂಡ ಪ್ರತಿಮೆಯನ್ನು ರಸ್ತೆಯುದ್ದಕ್ಕೂ ಉರುಳಿಸುತ್ತ ಒಯ್ದು ಬಂದರಿನ ನೀರಿಗೆ ತಳ್ಳಿದರು. ತಳ್ಳಿದ ಜಾಗದ ಹತ್ತಿರವೇ ಪೀರೋ ಸೇತುವೆಯಿದೆ. ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಒಡೆಯನ ಜೊತೆ ಬ್ರಿಸ್ಟಲ್‌ಗೆ ಬಂದ ಪೀರೋ ಜೋನ್ಸ್ ಎಂಬ ಗುಲಾಮನ ಹೆಸರು ಹೊತ್ತ ಕಾಲುಸೇತುವೆ ಅದು.

ಪೊಲೀಸರು ನಡುವೆ ನುಗ್ಗಲಿಲ್ಲ. ನುಗ್ಗಿದ್ದರೆ ಗಲಭೆಯಾಗುತ್ತಿತ್ತೆಂದು ಸ್ಥಳೀಯ ಪೊಲೀಸ್ ಅಧಿಕಾರಿಗಳು ಸಮರ್ಥಿಸಿಕೊಂಡರು. ಗೃಹ ಸಚಿವೆ ಪ್ರೀತಿ ಪಟೇಲ್ ಕೃತ್ಯವನ್ನು ತೀರಾ ನಾಚಿಕೆಗೇಡೆಂದು ಖಂಡಿಸಿದರು. ಮೇಯರ್ ರೀಸ್ ತಾನು ಆಸ್ತಿಹಾನಿಯನ್ನು ಒಪ್ಪಲಾರೆ, ಆದರೆ ಆ ಪ್ರತಿಮೆ ತನಗೆ ಅವಮಾನವಾಗಿತ್ತು, ಅದು ಹೋದದ್ದಕ್ಕೆ ದುಃಖವಿದೆಯೆಂದು ನಟಿಸಲಾರೆ ಎಂಬರ್ಥದ ಮಾತಾಡಿದರು. ಎರಡು ದೋಣಿಯಲ್ಲಿ ಕಾಲಿಟ್ಟ ಮಾತೆಂದು ಟೀಕಿಸಿದವರುಂಟು. ಆ ಹುದ್ದೆಯಲ್ಲಿದ್ದ, ಆ ಹಿನ್ನೆಲೆಯ ಒಬ್ಬರು ಆ ದಿನ ಬೇರೇನು ಪ್ರಾಮಾಣಿಕವಾಗಿ ಹೇಳಬಹುದಿತ್ತೋ ನನಗೆ ಹೊಳೆಯುವುದಿಲ್ಲ.

ಕೆಡವಿದ್ದರ ವಿರುದ್ಧದ ವಾದಗಳಲ್ಲಿ ಗಟ್ಟಿಯಾದದ್ದು ಇತಿಹಾಸ ಅಳಿಸಿತೆಂಬುದಲ್ಲ, ಅಧಿಕಾರದ್ದು: ಎಲ್ಲರಿಗೂ ಸೇರಿದ ಜಾಗದಲ್ಲಿ ಏನಿರಬೇಕೆಂಬುದನ್ನು ಹಗ್ಗ ಹಿಡಿದವರು ತೀರ್ಮಾನಿಸಿದರೆ, ನಾಳೆ ಇನ್ನೊಂದು ಗುಂಪು ಇನ್ನೊಂದರ ಮೇಲೆ ಕೈಯಿಡದಂತೆ ತಡೆಯುವುದೇನು? ಈ ಭಯ ಬರೀ ಊಹೆಯಲ್ಲ ಎಂಬುದಕ್ಕೆ ಹತ್ತು ದಿನಗಳೊಳಗೇ ಸಾಕ್ಷಿ ಸಿಕ್ಕಿತು. ಬ್ರಿಸ್ಟಲ್‌ನ ಹೆನ್ಬರಿಯ ಚರ್ಚಿನ ಅಂಗಳದಲ್ಲಿ ಸಿಪಿಯೋ ಆಫ್ರಿಕೇನಸ್ ಎಂಬ ಆಫ್ರಿಕನ್ ಹುಡುಗನ ಸಮಾಧಿಯಿದೆ. ಶ್ರೀಮಂತನ ಮನೆಯಲ್ಲಿ ಗುಲಾಮನಾಗಿದ್ದ ಆತ 1720ರ ಡಿಸೆಂಬರಿನಲ್ಲಿ, 18ನೆಯ ವಯಸ್ಸಿನಲ್ಲಿ, ಕೋಲ್‌ಸ್ಟನ್‌ಗಿಂತ ಹತ್ತು ತಿಂಗಳು ಮೊದಲು ಸತ್ತ. ಜೂನ್ ಮಧ್ಯಭಾಗದಲ್ಲಿ ಯಾರೋ ಆ ಬಣ್ಣದ ಸಮಾಧಿಗಲ್ಲನ್ನು ಒಡೆದು, ಕೋಲ್‌ಸ್ಟನ್ ಪ್ರತಿಮೆಯನ್ನು ಮತ್ತೆ ನಿಲ್ಲಿಸದಿದ್ದರೆ ಮುಂದೆ ಕಾದಿದೆಯೆಂಬ ಬೆದರಿಕೆಯನ್ನು ಸೀಮೆಸುಣ್ಣದಲ್ಲಿ ಬರೆದು ಹೋದರು. ಎರಡೂ ಆಸ್ತಿಹಾನಿಯೇ, ಕಾನೂನಿನ ಕಣ್ಣಿಗೆ ಎರಡೂ ಸಂರಕ್ಷಿತ ಸ್ಮಾರಕಗಳೇ. ಆದರೂ ಅವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಮನಸ್ಸು ಒಪ್ಪುವುದಿಲ್ಲ: ಒಂದು ಗೌರವವನ್ನು ಕೆಳಗಿಳಿಸಿತು, ಇನ್ನೊಂದು ಸತ್ತವನ ಮೂಳೆಗಳ ಮೇಲಿನ ಕಲ್ಲನ್ನು ಒಡೆಯಿತು.

ಅಧಿಕಾರದ ವಾದಕ್ಕೆ ಬ್ರಿಸ್ಟಲ್‌ನ ಮಟ್ಟಿಗೆ ಇರುವ ಉತ್ತರ ಹಿಂದಿನ ಇಪ್ಪತ್ತೆರಡು ವರ್ಷಗಳಲ್ಲಿದೆ. ದಾರಿ ಇರಲಿಲ್ಲವೆಂದಲ್ಲ, ಇತ್ತು, ಜನ ಅದರಲ್ಲಿ ನಡೆದೂ ಇದ್ದರು, ಮತ್ತು ಆ ದಾರಿ ಒಂದು ಫಲಕದವರೆಗೂ ಅವರನ್ನು ತಲುಪಿಸಲಿಲ್ಲ. ಇದರಿಂದ ಕೆಡವಿದ್ದು ಕಾನೂನುಬದ್ಧವಾಗುವುದಿಲ್ಲ. ಆದರೆ ಕಾಯಬೇಕಿತ್ತು ಎನ್ನುವವರು ಎಷ್ಟು ಕಾಲ, ಯಾವುದಕ್ಕಾಗಿ ಎಂದು ಹೇಳುವ ಹೊಣೆ ಹೊರುತ್ತಾರೆ.

ನ್ಯಾಯಾಲಯದಲ್ಲಿ

ನಾಲ್ವರ ಮೇಲೆ ಆಸ್ತಿಹಾನಿಯ ಆರೋಪ ಹೊರಿಸಲಾಯಿತು. 2021ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ಕ್ರೌನ್ ಕೋರ್ಟಿನಲ್ಲಿ ವಿಚಾರಣೆ ಆರಂಭವಾಯಿತು. ತಾವು ಭಾಗವಹಿಸಿದ್ದನ್ನು ಯಾರೂ ನಿರಾಕರಿಸಲಿಲ್ಲ. ಅದು ಅಪರಾಧವೇ ಎಂಬುದಷ್ಟೇ ಪ್ರಶ್ನೆ. ಪ್ರಕರಣ ಹಾನಿಯ ಕುರಿತದ್ದು, ಕೋಲ್‌ಸ್ಟನ್ ಎಂಥವನಾಗಿದ್ದ ಎಂಬುದು ಅಪ್ರಸ್ತುತ ಎಂದು ಪ್ರಾಸಿಕ್ಯೂಷನ್ ವಾದಿಸಿತು. ಪ್ರತಿವಾದ ಮೂರು ಎಳೆಗಳಲ್ಲಿ ನಡೆಯಿತು: ಅಂಥ ಪ್ರತಿಮೆಯನ್ನು ಪ್ರದರ್ಶಿಸುವುದೇ ಅಪರಾಧ, ಅದನ್ನು ತಡೆಯಲು ಬಲ ಬಳಸಿದೆವು ಎಂಬುದೊಂದು, ಪ್ರತಿಮೆಯ ನಿಜವಾದ ಒಡೆಯರು ಬ್ರಿಸ್ಟಲ್‌ನ ಜನ, ಅವರು ಒಪ್ಪುತ್ತಿದ್ದರೆಂದು ಪ್ರಾಮಾಣಿಕವಾಗಿ ನಂಬಿದ್ದೆವು ಎಂಬುದು ಇನ್ನೊಂದು, ಶಿಕ್ಷಿಸಿದರೆ ಅಭಿವ್ಯಕ್ತಿ, ಆತ್ಮಸಾಕ್ಷಿ ಮತ್ತು ಪ್ರತಿಭಟನೆಯ ಹಕ್ಕುಗಳಲ್ಲಿ ಅತಿಯಾದ ಹಸ್ತಕ್ಷೇಪವಾಗುತ್ತದೆ ಎಂಬುದು ಮತ್ತೊಂದು. ಇತಿಹಾಸಕಾರ ಡೇವಿಡ್ ಒಲುಸೋಗ ಗುಲಾಮ ವ್ಯಾಪಾರದ ಬಗ್ಗೆ ತಜ್ಞ ಸಾಕ್ಷ್ಯ ನುಡಿದರು.

2022ರ ಜನವರಿ 5ರಂದು ಜ್ಯೂರಿ ನಾಲ್ವರನ್ನೂ ಖುಲಾಸೆ ಮಾಡಿತು. ಇಂಗ್ಲೆಂಡಿನಲ್ಲಿ ಜ್ಯೂರಿ ತನ್ನ ತೀರ್ಮಾನಕ್ಕೆ ಕಾರಣ ಕೊಡುವುದಿಲ್ಲ; ಮೂರು ಎಳೆಗಳಲ್ಲಿ ಯಾವುದನ್ನು ಒಪ್ಪಿತೆಂದು ಯಾರೂ ಹೇಳಲಾರರು. ಹಾಗಿದ್ದೂ ಒಂದು ಕಡೆಯವರು ಇದನ್ನು ಇತಿಹಾಸದ ತೀರ್ಪೆಂದು ಮೆರೆಸಿದರು, ಇನ್ನೊಂದು ಕಡೆಯವರು ಕಾನೂನಿನ ಕುಸಿತವೆಂದು ಹಳಿದರು. ಅಟಾರ್ನಿ ಜನರಲ್ ಕಾನೂನಿನ ಪ್ರಶ್ನೆಯನ್ನಷ್ಟೇ ಮೇಲ್ಮನವಿ ನ್ಯಾಯಾಲಯಕ್ಕೆ ಒಯ್ದರು. ಖುಲಾಸೆ ಬದಲಾಗುವಂತಿರಲಿಲ್ಲ. 2022ರ ಸೆಪ್ಟೆಂಬರ್ 28ರಂದು ಆ ನ್ಯಾಯಾಲಯ, ಪ್ರತಿಮೆಯನ್ನು ಕೆಡವಿದ್ದು ಶಾಂತಿಯುತ ಪ್ರತಿಭಟನೆಯಲ್ಲ, ಹಾನಿಯೂ ಗಣನೀಯ, ಆದ್ದರಿಂದ ಮಾನವ ಹಕ್ಕುಗಳ ಒಪ್ಪಂದದ ರಕ್ಷಣೆ ಅದಕ್ಕೆ ದಕ್ಕುವುದಿಲ್ಲ, ಆ ಮೂರನೆಯ ಎಳೆಯನ್ನು ಜ್ಯೂರಿಯ ಮುಂದಿಡಬೇಕಾಗಿರಲಿಲ್ಲ ಎಂದಿತು. ಈ ನಡುವೆ ಸಂಸತ್ತೂ ಸುಮ್ಮನಿರಲಿಲ್ಲ. ಹಾನಿಯ ಮೌಲ್ಯ 5,000 ಪೌಂಡಿಗಿಂತ ಕಡಿಮೆಯಿದ್ದರೆ ಪ್ರಕರಣ ಸಾಮಾನ್ಯವಾಗಿ ಕೆಳಹಂತದ ನ್ಯಾಯಾಲಯದಲ್ಲೇ, ಮೂರು ತಿಂಗಳ ಗರಿಷ್ಠ ಶಿಕ್ಷೆಯೊಳಗೇ ಮುಗಿಯುತ್ತಿತ್ತು. 2022ರ ಹೊಸ ಕಾಯ್ದೆ ಸ್ಮಾರಕಗಳಿಗೆ ಈ ಮಿತಿಯನ್ನು ತೆಗೆದು, ಹತ್ತು ವರ್ಷದವರೆಗಿನ ಸೆರೆವಾಸಕ್ಕೆ ದಾರಿ ಮಾಡಿತು. ಆಗಿನ ಸರ್ಕಾರದ ನೀತಿಯ ಸೂತ್ರ, ಉಳಿಸಿ ವಿವರಿಸಿ ಎಂಬುದು. ಬ್ರಿಸ್ಟಲ್ 2018ರಲ್ಲಿ ಮಾಡಹೊರಟದ್ದೂ ಅದೇ, ಸೋತದ್ದು ವಿವರಿಸುವ ಕಡೆಯಲ್ಲಿ.

ಮಲಗಿದ ಪ್ರತಿಮೆ

2020ರ ಜೂನ್ 11ರ ನಸುಕಿನಲ್ಲಿ ನಗರಾಡಳಿತ ಪ್ರತಿಮೆಯನ್ನು ನೀರಿನಿಂದ ಎತ್ತಿತು. ವಸ್ತುಸಂಗ್ರಹಾಲಯದ ಸಿಬ್ಬಂದಿ ಕೆಸರನ್ನು ತೊಳೆಯುವಾಗ ಕೋಟಿನ ಒಳಭಾಗದಲ್ಲಿ ಸುರುಳಿಯಾಗಿದ್ದ ಕಾಗದವೊಂದು ಸಿಕ್ಕಿತು: 1895ರ ಅಕ್ಟೋಬರಿನ ಒಂದು ವಾರಪತ್ರಿಕೆ, ಅದರ ಮೇಲೆ ಪ್ರತಿಮೆಯನ್ನು ಜೋಡಿಸಿದ ಕೆಲಸಗಾರರು ಕೈಯಾರೆ ಬರೆದ ತಮ್ಮ ಹೆಸರು ಮತ್ತು ತಾರೀಖು. ಪೀಠದ ಮೇಲೆ ನಾಗರಿಕರೆಂದು ಕೊರೆಸಿಕೊಂಡವರು ಒಂದೆಡೆ. ಯಾರಿಗೂ ಕಾಣದ ಜಾಗದಲ್ಲಿ ಹೆಸರು ಬಚ್ಚಿಟ್ಟು ಹೋದ ಕೂಲಿಯವರು ಇನ್ನೊಂದೆಡೆ. ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಈ ಕಾಗದ. 125 ವರ್ಷ ನೆಟ್ಟಗೆ ನಿಂತಿದ್ದಾಗ ಆ ಪ್ರತಿಮೆ ಹೇಳದೆ ಇಟ್ಟುಕೊಂಡಿದ್ದ ಇತಿಹಾಸದ ಒಂದು ಚೂರು, ಬಿದ್ದ ಮೇಲೆಯೇ ಹೊರಬಂತು.

ಸಂರಕ್ಷಕರು ಕೆಸರನ್ನು ತೊಳೆದರು, ಬಣ್ಣವನ್ನು ಮಾತ್ರ ತೊಳೆಯಲಿಲ್ಲ. ಉದುರಿ ಹೋಗದಂತೆ ಅದನ್ನು ಕಾಪಾಡಿದರು. 2021ರ ಜೂನ್‌ನಿಂದ ಎಂ ಶೆಡ್ ವಸ್ತುಸಂಗ್ರಹಾಲಯದಲ್ಲಿ ಪ್ರತಿಮೆಯನ್ನು ಮಲಗಿಸಿಯೇ ಪ್ರದರ್ಶಿಸಲಾಯಿತು, ಪ್ರತಿಭಟನೆಯ ಭಿತ್ತಿಪತ್ರಗಳ ಜೊತೆಗೆ. ವಿರೋಧಿಗಳು ಉಚಿತ ಟಿಕೆಟ್‌ಗಳನ್ನು ರಾಶಿಯಾಗಿ ಕಾದಿರಿಸಿ ಖಾಲಿ ಬಿಡುವ ಉಪಾಯವನ್ನೂ ಹೂಡಿದರು. ಮುಂದೇನೆಂದು ನಗರ ರಚಿಸಿದ್ದ ಇತಿಹಾಸ ಆಯೋಗ ಕೇಳಿದಾಗ ಉತ್ತರಿಸಿದವರು ಸುಮಾರು 14,000 ಜನ. ಪ್ರತಿಮೆ ವಸ್ತುಸಂಗ್ರಹಾಲಯದಲ್ಲಿರಲಿ ಎಂದವರದ್ದು ದೊಡ್ಡ ಬಹುಮತ. ಇಪ್ಪತ್ತು ವರ್ಷ ಮೊದಲೇ ಕೇಳಬಹುದಾಗಿದ್ದ ಪ್ರಶ್ನೆ. 2024ರ ಮಾರ್ಚಿನಿಂದ ಅದು ಅಲ್ಲಿ ಶಾಶ್ವತ ಪ್ರದರ್ಶನದಲ್ಲಿದೆ. ತಲೆಯೆತ್ತಿ ನೋಡಬೇಕಿದ್ದ ಮುಖವನ್ನು ಈಗ ಬಾಗಿ ನೋಡಬೇಕು. ಗಲ್ಲಕ್ಕಿಟ್ಟ ಕೈ ಹಾಗೆಯೇ ಇದೆ, ಒರಗಲು ಊರುಗೋಲಿಲ್ಲ.

ಪೀಠ ಮಾತ್ರ ಹಳೆಯ ಜಾಗದಲ್ಲೇ ಉಳಿದಿದೆ. 2020ರ ಜುಲೈ 15ರ ಬೆಳಗ್ಗೆ ಶಿಲ್ಪಿ ಮಾರ್ಕ್ ಕ್ವಿನ್ ಅನುಮತಿ ಪಡೆಯದೆ ಅದರ ಮೇಲೆ ಮುಷ್ಟಿಯೆತ್ತಿದ ಪ್ರತಿಭಟನಾಕಾರ್ತಿಯ ಪ್ರತಿಮೆ ನಿಲ್ಲಿಸಿದ್ದರು. ಮರುದಿನವೇ ನಗರಾಡಳಿತ ಅದನ್ನು ಇಳಿಸಿತು. ಕೋಲ್‌ಸ್ಟನ್ ಸಭಾಂಗಣ ಆ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್ ಬೀಕನ್ ಆಯಿತು, ಶಾಲೆಯೊಂದು ಹೆಸರು ಬದಲಿಸಿಕೊಂಡಿತು. ಹೊಸ ಫಲಕಕ್ಕೆ ಅನುಮತಿ ದೊರೆತದ್ದು 2024ರಲ್ಲಿ, ಪ್ರತಿಮೆಯೇ ಇಲ್ಲದ ಪೀಠಕ್ಕೆ. 1895ರಲ್ಲಿ ಇಲ್ಲಿ ಕೋಲ್‌ಸ್ಟನ್‌ನನ್ನು ನಗರದ ದಾನಿಯೆಂದು ಕೊಂಡಾಡಿ ಪ್ರತಿಮೆ ಅನಾವರಣಗೊಂಡಿತು, ಆಫ್ರಿಕನ್ ಜನರನ್ನು ಗುಲಾಮರನ್ನಾಗಿಸಿದ್ದರಲ್ಲಿ ಆತನ ಪ್ರಮುಖ ಪಾತ್ರದ ಕಾರಣ ಆ ಕೊಂಡಾಟವನ್ನು ಹೆಚ್ಚುಹೆಚ್ಚಾಗಿ ಪ್ರಶ್ನಿಸಲಾಯಿತು, 2020ರ ಜೂನ್ 7ರಂದು ಅದನ್ನು ಕೆಡವಿ ಬಂದರಿಗೆ ಉರುಳಿಸಲಾಯಿತು ಎಂದು ಅದರ ಬರಹ ಹೇಳುತ್ತದೆ. ಸಾಗಣೆ ಎಂಬ ಮಾತು ಅದರಲ್ಲಿಲ್ಲ. 84,000 ಎಂಬ ಅಂಕಿಯೂ ಇಲ್ಲ, 12,000 ಮಕ್ಕಳೂ ಇಲ್ಲ.